ಮುಳ್ಳು ಚುಚ್ಚಿದ ಜಾಗದ ಫಂಗಸ್ ಮೆದುಳಿಗೂ ಹೋಗುತ್ತಾ?
ತೋಟದಲ್ಲಿ ಮುಳ್ಳು ಚುಚ್ಚಿದ ಕಾಲಲ್ಲಿ ಹೂಕೋಸಿನ ಥರ ಗಂಟು ಬೆಳೀತಿದೆ, ಮೆದುಳಿಗೆ ಹೋಗುತ್ತಾ ಅಂತ ಕೇಳಿದೀರ. ಸಾಮಾನ್ಯವಾಗಿ ಹೋಗಲ್ಲ, ಆದ್ರೆ ದಯವಿಟ್ಟು ಹಾಗೇ ಬಿಡ್ಬೇಡಿ. ಇದು ಕ್ರೋಮೋಬ್ಲಾಸ್ಟೋಮೈಕೋಸಿಸ್ ಇರಬಹುದು, ಮಣ್ಣು, ಕೊಳೆತ ಕಟ್ಟಿಗೆಯಲ್ಲಿರೋ ಕಪ್ಪು ಫಂಗಸ್ ಗಾಯದಿಂದ ಒಳಗೆ ಸೇರಿ ನಿಧಾನಕ್ಕೆ ಬೆಳೆಯುತ್ತೆ, ನೋವು ಕಮ್ಮಿ ಇರೋದ್ರಿಂದ ಜನ ನರಹುಲಿ ಅಂದ್ಕೊಂಡು ವರ್ಷಗಟ್ಟಲೆ ಸುಮ್ನಿರ್ತಾರೆ, ಅದೇ ಸಂಕಟ. ಗಂಟಿನ ಮೇಲಿನ ಕಪ್ಪು ಚುಕ್ಕೆ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ತಾಮ್ರದ ಕಾಸಿನಂಥ ಕಂದು ಗುಂಡು ಕೋಶಗಳು ಕಾಣ್ತವೆ. ಡಾಕ್ಟರ್ ಸಾಮಾನ್ಯವಾಗಿ ಇಟ್ರಾಕೋನಜೋಲ್ ಅನ್ನೋ ಫಂಗಸ್ ವಿರುದ್ಧದ ಔಷಧಿ ಕೊಡ್ತಾರೆ, ತಿಂಗಳುಗಟ್ಟಲೆ ತಗೋಬೇಕು, ಮಧ್ಯೆ ನಿಲ್ಲಿಸ್ಬಾರ್ದು. ಮೆದುಳಲ್ಲಿ ಕೀವುಗಡ್ಡೆ ಮಾಡೋದು ಹೆಚ್ಚಾಗಿ ಈ ಫಂಗಸ್‌ನ ಸಂಬಂಧಿ ಕ್ಲಾಡೋಫಿಯಾಲೋಫೋರಾ ಬ್ಯಾಂಟಿಯಾನಾ ಅನ್ನೋ ಇನ್ನೊಂದು ಫಂಗಸ್, ಅದು ತುಂಬಾ ಅಪರೂಪ, ಆದ್ರೂ ಬಿಡದ ತಲೆನೋವು, ಫಿಟ್ಸ್ ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.