ನರ್ಸರಿಯಲ್ಲಿ ಬರೀ ಆಟವೇ ಆದರೆ ಮಗು ಕಲಿಯುವುದು ಯಾವಾಗ?

ಶಾಲೆ ಬದಲಾಯಿಸಬೇಡಿ. ಒಂದು ಸಲ ನೀವೇ ಹೋಗಿ ಕಣ್ಣಾರೆ ನೋಡುವವರೆಗಾದರೂ ಬದಲಾಯಿಸಬೇಡಿ.

ನಿಮ್ಮ ಮಗಳಿಗೆ ಮೂರೂವರೆ ವರ್ಷ. ಶಿವಮೊಗ್ಗದ ನರ್ಸರಿಗೆ ಸೇರಿ ನಾಲ್ಕು ತಿಂಗಳಾಯಿತು. ಇವತ್ತು ಏನು ಕಲಿಸಿದ್ರು ಅಂತ ಕೇಳಿದರೆ "ಮಣ್ಣಲ್ಲಿ ಆಡಿದೆ", "ಬೀಜ ಜೋಡಿಸಿದೆ" ಅಂತಾಳೆ. ಪಕ್ಕದ ಮನೆ ಹುಡುಗ ಇದೇ ವಯಸ್ಸಿಗೆ ನೂರರವರೆಗೆ ಬರೆಯುತ್ತಾನೆ. ಫೀಸು ಕಟ್ಟಿ ಆಟ ಆಡಿಸುವುದಾದರೆ ಮನೆಯಲ್ಲೇ ಆಡಿಸಬಹುದಲ್ಲ ಎನ್ನುವುದು ನಿಮ್ಮ ಪ್ರಶ್ನೆ. ನಾನು ತೀರ್ಥಹಳ್ಳಿ ಕಡೆಯವಳು, ಹದಿನಾಲ್ಕು ವರ್ಷದಿಂದ ನರ್ಸರಿ ಮಕ್ಕಳಿಗೆ ಟೀಚರ್. ಅದರಲ್ಲಿ ಮೊದಲ ಐದು ವರ್ಷ ನಿಮ್ಮ ಪಕ್ಕದ ಮನೆ ಹುಡುಗನಂಥವರನ್ನು ತಯಾರು ಮಾಡುವ ಶಾಲೆಯಲ್ಲೇ ಇದ್ದೆ.

ಅಲ್ಲಿ ದಿನಕ್ಕೆ ಎರಡು ಪುಟ ಕಾಪಿ ಬರೆಸಬೇಕಿತ್ತು. ಬರೆಸುವುದು ಅಂದರೆ ಮಗುವಿನ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಪೆನ್ಸಿಲ್ ಎಳೆಯುವುದು. ಇಪ್ಪತ್ತೆಂಟು ಮಕ್ಕಳ ಪುಸ್ತಕದಲ್ಲೂ ನನ್ನದೇ ಅಕ್ಷರ! ತಂದೆತಾಯಿಗೆ ಖುಷಿ, ಮ್ಯಾನೇಜ್‌ಮೆಂಟಿಗೆ ಖುಷಿ. ಆ ಕ್ಲಾಸಿನಲ್ಲಿ ಒಬ್ಬ ಹುಡುಗಿ ಮಾತ್ರ ನಿಜವಾಗಿಯೂ ಸ್ವಂತ ಕೈಯಿಂದ ಐವತ್ತರವರೆಗೆ ತಪ್ಪಿಲ್ಲದೆ ಬರೆಯುತ್ತಿದ್ದಳು. ಒಂದು ದಿನ ಆಫೀಸಿನಲ್ಲಿ ಮೂರು ಜನ ಪೋಷಕರು ಕೂತಿದ್ದರು. "ಪುಟ್ಟಿ, ಇವರಿಗೆಲ್ಲ ಒಂದೊಂದು ಲೋಟ ತಗೊಂಬಾ" ಅಂದೆ. ಎದೆಗೆ ಒತ್ತಿಕೊಂಡು ಹಿಡಿದಷ್ಟು ಲೋಟ ತಂದಳು. ಏಳಿದ್ದವು. "ಸಾಕಾ ಮಿಸ್, ಇನ್ನೂ ತರ್ಲಾ?" ಅಂತ ಬೇರೆ ಕೇಳಿದಳು. ಬಂದವರು ನಕ್ಕರು, ನನಗೆ ನಗು ಬರಲಿಲ್ಲ. ಐವತ್ತು ಅಂಕಿಯ ಚಿತ್ರ ಬಿಡಿಸಲು ಕಲಿಸಿದ್ದೆ, ಮೂರು ಅಂದರೆ ಎಷ್ಟು ಅಂತ ಕಲಿಸಿರಲಿಲ್ಲ.

ಈಗ ಬೀಜ ಜೋಡಿಸುವುದಕ್ಕೆ ಬರೋಣ. ನಮ್ಮಲ್ಲಿ ಗೋಟಡಿಕೆಗೆ, ಅಂದರೆ ಹಣ್ಣಾಗಿ ಸಿಪ್ಪೆ ಸಮೇತ ಒಣಗಿದ ಅಡಿಕೆಗೆ, ಬರವಿಲ್ಲ, ಅದನ್ನೇ ಬಳಸುತ್ತೇವೆ. ಮಗುವಿನ ಮುಂದೆ ನಾಲ್ಕು ಅಡಿಕೆ ಇಟ್ಟು ಎಣಿಸು ಅನ್ನಿ. ಬಾಯಿ "ಒಂದು ಎರಡು ಮೂರು ನಾಲ್ಕು ಐದು ಆರು" ಅಂತ ಓಡುತ್ತದೆ, ಬೆರಳು ಇನ್ನೂ ಮೂರನೇ ಅಡಿಕೆಯ ಮೇಲಿರುತ್ತದೆ. ಒಂದು ಅಡಿಕೆಗೆ ಒಂದೇ ಹೆಸರು, ಯಾವುದನ್ನೂ ಬಿಡುವ ಹಾಗಿಲ್ಲ, ಎಣಿಸಿದ್ದನ್ನೇ ಮತ್ತೆ ಎಣಿಸುವ ಹಾಗಿಲ್ಲ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ. ಇಷ್ಟು ತಲೆಗೆ ಹತ್ತಲು ತಿಂಗಳುಗಟ್ಟಲೆ ಬೇಕು. ಕಾಪಿ ಪುಸ್ತಕದಲ್ಲಿ ಬೆರಳು ಇಡಲು ವಸ್ತುವೇ ಇಲ್ಲವಲ್ಲ. ಅಡಿಕೆಯನ್ನು ಒಂದೊಂದಾಗಿ ಎತ್ತಿ ಅಡಿಕೆ ಹಾಳೆಯ ತಟ್ಟೆಗೆ ಹಾಕುತ್ತಾ ಎಣಿಸಿದರೆ ಕೈಯೇ ಬಾಯಿಯನ್ನು ತಡೆದು ನಿಲ್ಲಿಸುತ್ತದೆ.

ಇನ್ನೊಂದು ತಮಾಷೆ ನೋಡಿ. ಐದೈದು ಅಡಿಕೆಯ ಎರಡು ಸಾಲು ಎದುರುಬದುರು ಇಡಿ. ಎರಡೂ ಸಮ ಅಂತ ಮಗು ಒಪ್ಪಿಕೊಳ್ಳುತ್ತದೆ. ಅದರ ಕಣ್ಣೆದುರೇ ಒಂದು ಸಾಲನ್ನು ಸ್ವಲ್ಪ ಅಗಲಿಸಿ, ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. "ಇದ್ರಲ್ಲಿ" ಅಂತ ಉದ್ದದ ಸಾಲು ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಯೋಚನೆಯ ದಾರಿ ತಿಳಿಯಲು ಇಂಥ ಪ್ರಯೋಗಗಳನ್ನು ಮಾಡಿದ್ದರು. ಈ ವಯಸ್ಸಿನ ಬಹಳಷ್ಟು ಮಕ್ಕಳು ಹೀಗೇ ಹೇಳುತ್ತಾರೆ, ಅದು ದಡ್ಡತನ ಅಲ್ಲ. "ಅಯ್ಯೋ ತಪ್ಪು" ಅನ್ನಬೇಡಿ. ನಾಲ್ಕೈದು ತಿಂಗಳು ಬಿಟ್ಟು ಮತ್ತೆ ಕೇಳಿ.

ಮಣ್ಣಾಟದ ವಿಷಯ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರೂವರೆಗೆ ಆ ಕೆಲಸ ಅರ್ಧವೂ ಮುಗಿದಿರುವುದಿಲ್ಲ. ಅದೂ ಅಲ್ಲದೆ ನಮ್ಮ ಕನ್ನಡದ ಅಕ್ಷರ ಸುತ್ತುಗಳದ್ದು. 'ಅ' ಬರೆಯಲು ಮಣಿಕಟ್ಟು ಎಷ್ಟು ಸಲ ತಿರುಗಬೇಕು ಅಂತ ನಿಧಾನಕ್ಕೆ ಬರೆದು ನೋಡಿ. ಜೇಡಿಮಣ್ಣು ನಾದಿ ಉಂಡೆ ಕಟ್ಟುವುದು, ಒದ್ದೆ ಬಟ್ಟೆ ಹಿಂಡುವುದು, ಅವರೆಕಾಯಿ ಬಿಡಿಸುವುದು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳಿಂದ ಸುತ್ತು ಎಳೆಯುವುದು, ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತುವುದು, ಇವೆಲ್ಲ ಬರವಣಿಗೆಯ ತಯಾರಿಯೇ. ಮಳೆಗಾಲದಲ್ಲಿ ನಮ್ಮಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಮಳೆ ಒಂದು ಕಡೆ, ರಕ್ತ ಹೀರುವ ಇಂಬಳ (ಜಿಗಣೆ) ಇನ್ನೊಂದು ಕಡೆ. ಆಗ ಒಂದು ಬೋಗುಣಿ ಮಣ್ಣು ಒಳಗೆ ತಂದರೆ ಬೆಳಗ್ಗೆಯೆಲ್ಲ ಕಳೆಯುತ್ತದೆ. ಯೂನಿಫಾರ್ಮ್ ಕೆಮ್ಮಣ್ಣಾಗುವುದಕ್ಕೆ ಮಾತ್ರ ನನ್ನ ಬಳಿ ಪರಿಹಾರವಿಲ್ಲ.

ಅಕ್ಷರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾವು ಮೊದಲು ಕಿವಿಯಿಂದ ಶುರು ಮಾಡುತ್ತೇವೆ. ಅ-ಡಿ-ಕೆ ಅಂತ ಮೂರು ಚಪ್ಪಾಳೆ, ತು-ಪ್ಪ ಅಂತ ಎರಡು, ಆಮೇಲೆ ಪ್ರತಿಯೊಬ್ಬರ ಹೆಸರಿಗೂ. ತನ್ನ ಹೆಸರಿಗೆ ಗೆಳತಿಯ ಹೆಸರಿಗಿಂತ ಒಂದು ಚಪ್ಪಾಳೆ ಕಮ್ಮಿ ಅಂತ ಅತ್ತವರೂ ಇದ್ದಾರೆ! ಮಾತು ತುಂಡು ತುಂಡಾಗಿ ಕಿವಿಗೆ ಕೇಳಿಸಿದ ಮೇಲೆ, ಆ ಒಂದೊಂದು ತುಂಡಿಗೂ ಒಂದು ಗುರುತು ಇದೆ ಅಂತ ಹೇಳುವುದು ಸುಲಭ. ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ನಿಮಗೆ ಗೊತ್ತಿರಬಹುದು, 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿ ಒಂದನೇ ಕ್ಲಾಸಿನಲ್ಲೂ ಅ ಆ ಇ ಈ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಮೊದಲು. ಕೈಗೆ ಸುಲಭ, ಜೊತೆಗೆ ಅಷ್ಟರಲ್ಲೇ ಸರ, ಅರಸ, ಗರಗಸ ಅಂತ ಓದಲೂ ಆಗುತ್ತದೆ. ಒಂದನೇ ಕ್ಲಾಸಿಗೇ ಇಷ್ಟು ನಿಧಾನ ಇರುವಾಗ ಮೂರೂವರೆಗೆ ಎಂತ ಅವಸರ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಮೂರರಿಂದ ಎಂಟು ವರ್ಷದವರೆಗಿನದ್ದನ್ನು ಒಂದೇ ಹಂತವಾಗಿ ಹಿಡಿದು, ಅಲ್ಲಿ ಆಟದ ಮೂಲಕವೇ ಕಲಿಸಿ ಎನ್ನುತ್ತದೆ.

ನನಗೆ ತುಂಬ ಇಷ್ಟದ್ದು ನಟನೆಯ ಆಟ. ಕೊಯ್ಲಿನ ಕಾಲದಲ್ಲಿ ನಮ್ಮ ಮಕ್ಕಳು ಆಡುವುದೆಲ್ಲ ಅಡಿಕೆಯದ್ದೇ. ಒಂದು ವರ್ಷ ಒಬ್ಬ ಹುಡುಗ ಸೇರಿ ಎರಡು ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಮೂಗನೇನೋ ಅಂತ ಆಯಾಗೆ ಅನುಮಾನ. ಒಂದು ಬೆಳಗ್ಗೆ ನಾಲ್ಕು ಜನ ಸೇರಿ ತೋಟದ ಆಟ ಆಡುತ್ತಿದ್ದರು. ಇಬ್ಬರು ಅಡಿಕೆ ಸುಲಿಯುವವರು, ಒಬ್ಬಳು ಕಾಫಿ ತರುವವಳು. ಇವನು ಯಾರನ್ನೂ ಕೇಳದೆ ಬೆಂಚು ಹತ್ತಿ, ಒಂದು ಕೈಯಲ್ಲಿ ಕಿಟಕಿ ಸರಳು ಹಿಡಿದು, ಇನ್ನೊಂದು ಕೈ ಮೇಲೆತ್ತಿ ಕೂಗಿದ: "ಯಾರೂ ಅಡಿಗೆ ನಿಂತ್ಕಬೇಡ್ರೋ, ಕೊನೆ ಬೀಳ್ತದೆ!" ಕ್ಲಾಸಿಗೆ ಕ್ಲಾಸೇ ಪಕ್ಕಕ್ಕೆ ಸರಿಯಿತು, ನಾನೂ ಸರಿದೆ. ಅವನ ಅಪ್ಪ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಕೊಯ್ಯುವವರು, ಅಂತ ಆಮೇಲೆ ಗೊತ್ತಾಯಿತು. ಅವತ್ತಿಂದ ಮಾತು ನಿಲ್ಲಿಸುವುದೇ ಕಷ್ಟವಾಯಿತು ಅನ್ನಿ.

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆಟದ ಶಾಲೆ ಅಂತ ಬೋರ್ಡು ಹಾಕಿ ಮಕ್ಕಳನ್ನು ಟಿವಿ ಮುಂದೆ ಕೂರಿಸುವವರೂ ಇದ್ದಾರೆ. ಆಟಿಕೆಗಳನ್ನು ಗಾಜಿನ ಬೀರುವಿಗೆ ಬೀಗ ಹಾಕಿ ಇಟ್ಟು, ಅಡ್ಮಿಷನ್ ಸಮಯದಲ್ಲಿ ಮಾತ್ರ ತೆಗೆಯುವುದನ್ನು ನಾನೇ ನೋಡಿದ್ದೇನೆ. ಅದಕ್ಕೇ ಹೋಗಿ ನೋಡಿ ಅಂದದ್ದು. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಹೋಗಿ, ಬಾಗಿಲಲ್ಲಿ ನಿಂತು, ಟೀಚರ್ ಎಲ್ಲಿ ಕೂತಿದ್ದಾರೆ ನೋಡಿ. ಮಕ್ಕಳ ಜೊತೆ ಚಾಪೆ ಮೇಲಿದ್ದಾರಾ, ಕುರ್ಚಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾರಾ? ಮಗು ಎತ್ತರಕ್ಕೆ ಜೋಡಿಸಿದ ಡಬ್ಬಿ ಬಿದ್ದಾಗ "ಯಾಕೆ ಬಿತ್ತು, ಕೆಳಗೆ ಯಾವ್ದು ಇಡಾಣ?" ಅಂತ ಕೇಳುತ್ತಾರಾ, "ಸುಮ್ನೆ ಕೂತ್ಕೋ" ಅನ್ನುತ್ತಾರಾ? ನಿಮ್ಮ ಮಗಳಿಗೆ ಯಾವ ಆಟ ಇಷ್ಟ, ಯಾರ ಜೊತೆ ಸೇರುತ್ತಾಳೆ, ಯಾವುದರಲ್ಲಿ ಹಿಂದೆ ಅಂತ ಕೇಳಿ. ಥಟ್ಟನೆ ಹೇಳಿದರೆ ಸರಿ. "ಎಲ್ಲಾ ಚೆನ್ನಾಗ್ ಮಾಡ್ತಾಳೆ ಸಾರ್" ಅಂತಷ್ಟೇ ಬಂದರೆ ಆಗ ಬೇರೆ ಶಾಲೆ ಹುಡುಕಿ, ನಾನೂ ಬೇಡ ಅನ್ನುವುದಿಲ್ಲ.

ಬೀಜದ ಬಗ್ಗೆ ಒಂದು ಎಚ್ಚರಿಕೆ, ನನ್ನದೇ ತಪ್ಪಿನಿಂದ ಕಲಿತದ್ದು. ಹಿಂದೆ ಹುಣಸೆಬೀಜ ಕೊಡುತ್ತಿದ್ದೆ. ನಾನು ಇನ್ನೊಂದು ಮಗುವಿನ ಮೂಗು ಒರೆಸುವಷ್ಟರಲ್ಲಿ ಒಬ್ಬ ತನ್ನ ಮೂಗಿಗೆ ಬೀಜ ತುರುಕಿಕೊಂಡಿದ್ದ. ಪಿನ್ನು, ಚಿಮಟ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ, ನೆಟ್ಟಗೆ ಡಾಕ್ಟರ್ ಹತ್ತಿರ ಓಡಿದೆವು. ಅವರು ಎರಡು ನಿಮಿಷದಲ್ಲಿ ತೆಗೆದರು, ನನ್ನ ಕೈ ನಡುಕ ಸಂಜೆವರೆಗೂ ನಿಲ್ಲಲಿಲ್ಲ. ಆಮೇಲಿಂದ ಎಣಿಸಲು ಗೋಟಡಿಕೆಗಿಂತ ಚಿಕ್ಕದು ಯಾವುದೂ ಸಣ್ಣ ಮಕ್ಕಳ ಕೈಗಿಲ್ಲ. ಅಡಿಕೆಯೂ ಸಿಪ್ಪೆಯ ಸಮೇತ, ಅದೂ ನನ್ನ ಕಣ್ಣೆದುರಿಗೇ. ಗುಲಗಂಜಿ ಚಂದ ಕಾಣುತ್ತದೆ ಅಂತ ಮನೆಯಲ್ಲೂ ಕೊಡಬೇಡಿ, ಅದು ವಿಷ.

ಮನೆಯಲ್ಲಿ "ಎಂತ ಕಲಿಸಿದ್ರು" ಅಂತ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಇವತ್ತು ಯಾರ ಜೊತೆ ಜಗಳ ಆಯ್ತು ಅಂತ ಕೇಳಿ, ಪೂರ್ತಿ ಕಥೆ ಬರುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ತಟ್ಟೆ ಇಡುವ ಕೆಲಸ ಅವಳಿಗೇ ಕೊಡಿ, ಸ್ಟೀಲಿನದ್ದಾದರೆ ಒಡೆಯುವ ಭಯವೂ ಇಲ್ಲ. ಒಂದು ಕಮ್ಮಿ ತಂದರೆ ಏನೂ ಹೇಳಬೇಡಿ. ಎಲ್ಲರೂ ಕೂತ ಮೇಲೆ ಯಾರ ಮುಂದೆ ತಟ್ಟೆ ಇಲ್ಲ ಅಂತ ಅವಳೇ ನೋಡಿ ಎದ್ದು ಹೋಗುತ್ತಾಳೆ.