ಅಷ್ಟೊಂದು ನಗಿಸುತ್ತಿದ್ದ ಹಾಲಿವುಡ್ ಹಾಸ್ಯನಟ ರಾಬಿನ್ ವಿಲಿಯಮ್ಸ್‌ಗೆ ಖಿನ್ನತೆ ಹೇಗೆ ಬಂತು?

ನಗಿಸುವುದು ಅವರ ಕಸುಬು, ಖಿನ್ನತೆ ಒಂದು ಕಾಯಿಲೆ. ಎರಡೂ ಒಬ್ಬರಲ್ಲೇ ಇರಬಹುದು, ಅಲ್ವಾ? ‘ಹೆಸರು, ದುಡ್ಡು ಎಲ್ಲಾ ಇತ್ತಲ್ಲ’ ಅನ್ನುವ ಮಾತು ಕೇಳಿದರೆ ನನಗಂತೂ ಸಿಟ್ಟು ಬರುತ್ತದೆ.

2014ರ ಆಗಸ್ಟ್ 11ರಂದು, 63ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಜಾಸ್ತಿ ಜನ ಖಿನ್ನತೆಯೊಂದೇ ಕಾರಣ ಅಂದುಕೊಂಡರು. ಶವಪರೀಕ್ಷೆಯಲ್ಲಿ ಬೇರೆಯದೂ ಗೊತ್ತಾಯಿತು: ಲೆವಿ ಬಾಡಿ ಡಿಮೆನ್ಷಿಯಾ. ಮಿದುಳಿನ ಜೀವಕೋಶಗಳಲ್ಲಿ ಒಂದು ಬಗೆಯ ಪ್ರೋಟೀನ್ ಗಂಟುಗಟ್ಟುವ ಕಾಯಿಲೆ ಅದು. ನಿದ್ದೆ ಕೆಡುತ್ತದೆ, ಸುಮ್ನೆ ಗಾಬರಿಯಾಗುತ್ತದೆ, ಖಿನ್ನತೆಯೂ ಅದರ ಜೊತೆಗೇ ಬರಬಹುದು. ಕೊನೆಕೊನೆಗೆ ಶೂಟಿಂಗ್‌ನಲ್ಲಿ ಒಂದು ಸಾಲು ಡೈಲಾಗ್ ನೆನಪಿಡಲೂ ಅವರು ಒದ್ದಾಡುತ್ತಿದ್ದರು ಅಂತ ಹೆಂಡತಿ ಬರೆದಿದ್ದಾರೆ. ಅದಕ್ಕೆ ಬರೀ 3 ವರ್ಷ ಹಿಂದೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ನಾಟಕದಲ್ಲಿ ನೂರಾರು ಸಾಲು ಒಂದೂ ತಪ್ಪಿಲ್ಲದೆ ಹೇಳಿದ್ದ ಮನುಷ್ಯ!