ಆನ್‌ಲೈನ್ ಮಾರಾಟದ ಅಳುಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿದು ಒಂದು ವರ್ಷವಾಯಿತು. ಆರು ತಿಂಗಳಿಂದ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ವೆಬ್‌ಸೈಟ್ ಮೇಲೆ ಬರುವಂತೆ ಮಾಡುವುದು), ಫೇಸ್‌ಬುಕ್ ಜಾಹೀರಾತು, ರೀಲ್ಸ್, ಈಮೇಲ್ ಮಾರ್ಕೆಟಿಂಗ್ ಎಂದು ಸಿಕ್ಕಿದ ವಿಡಿಯೊಗಳನ್ನೆಲ್ಲ ನೋಡಿದ್ದೇನೆ. ಎರಡು ನೋಟ್‌ಬುಕ್ ತುಂಬಿವೆ. ಆದರೆ ಇದುವರೆಗೆ ಒಬ್ಬ ಗ್ರಾಹಕರನ್ನೂ ಮಾತಾಡಿಸಿಲ್ಲ. ‘ನಿನಗೇನು ಗೊತ್ತು’ ಎಂದುಬಿಟ್ಟರೆ ಎಂಬ ಭಯ. ಯಾವುದರಿಂದ ಶುರು ಮಾಡಲಿ?
– ಓದುಗ, ಶಿವಮೊಗ್ಗ

ಉತ್ತರ: ಮೂರು ತಿಂಗಳು ಒಂದೇ ಕೆಲಸ ಹಿಡಿಯಿರಿ: ಅಂಗಡಿಗಳ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಪಡಿಸುವುದು. ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ಒತ್ತಿದಾಗ ಫೋನ್ ನಂಬರ್, ಸಮಯ, ಫೋಟೊ ಬರುತ್ತದಲ್ಲ, ಅದೇ. ಎಸ್‌ಇಒ ಫಲ ಕೊಡಲು ತಿಂಗಳುಗಟ್ಟಲೆ ಬೇಕು. ಜಾಹೀರಾತು ಕಲಿಯುವಾಗ ತಪ್ಪಿದರೆ ಹೋಗುವುದು ಅಂಗಡಿಯವರ ದುಡ್ಡು. ಪ್ರೊಫೈಲ್ ಉಚಿತ, ಗ್ರಾಹಕರು ಸೈಕಲ್ ದೂರದಲ್ಲಿದ್ದಾರೆ, ಫಲವನ್ನು ಎಣಿಸಿ ತೋರಿಸಬಹುದು: ಈ ತಿಂಗಳು ಪ್ರೊಫೈಲ್‌ನಿಂದ ಎಷ್ಟು ಕರೆ ಬಂತು, ಎಷ್ಟು ಜನ ದಾರಿ ಕೇಳಿದರು ಎಂಬುದು ಅದರಲ್ಲೇ ಸಿಗುತ್ತದೆ.

ಮೊದಲ ವಾರ ಯಾರನ್ನೂ ಮಾತಾಡಿಸುವುದು ಬೇಡ. ಗಾಂಧಿ ಬಜಾರ್, ದುರ್ಗಿಗುಡಿ ಸುತ್ತಿನ 20 ಅಂಗಡಿಗಳನ್ನು ಮ್ಯಾಪ್‌ನಲ್ಲಿ ತೆಗೆದು ತಪ್ಪು ಹುಡುಕಿ. ನಂಬರ್ ಹಳೆಯದು, ಭಾನುವಾರ ರಜೆ ಎಂದಿಲ್ಲ, ಟೈಲರಿಂಗ್ ಅಂಗಡಿಯ ವಿಭಾಗ ‘ಬಟ್ಟೆ ಅಂಗಡಿ’ ಎಂದಿದೆ, ಒಂದೂ ಒಳಗಿನ ಫೋಟೊ ಇಲ್ಲ. ಇಂಥವು ಖಂಡಿತ ಸಿಗುತ್ತವೆ. ಅಂಗಡಿಗೊಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ಭಯಕ್ಕೆ ಮದ್ದು ಈ ಹಾಳೆಯೇ. ಬರಿಗೈಲಿ ಹೋದರೆ ‘ನಿನಗೇನು ಗೊತ್ತು’ ಎಂಬ ಪ್ರಶ್ನೆ ಬರುತ್ತದೆ. ‘ಸಾರ್, ಮ್ಯಾಪ್‌ನಲ್ಲಿ ನಿಮ್ಮ ನಂಬರ್ ತಪ್ಪಿದೆ, ನೋಡಿ’ ಎಂದು ಹಾಳೆ ಮುಂದಿಟ್ಟರೆ ಅವರ ಕಣ್ಣು ಹಾಳೆಯ ಮೇಲಿರುತ್ತದೆ, ನಿಮ್ಮ ಮೇಲಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ವ್ಯಾಪಾರ ತಣ್ಣಗಿರುವಾಗ ಹೋಗಿ. ದಿನಕ್ಕೆ ಎರಡೇ ಅಂಗಡಿ. ಮೊದಲ ಎರಡು ಅಂಗಡಿಗೆ ದುಡ್ಡು ತೆಗೆದುಕೊಳ್ಳಬೇಡಿ, ಮೂರನೆಯದಕ್ಕೆ ಕೇಳಲೇಬೇಕು. ಉಚಿತ ಕೆಲಸ ಅಭ್ಯಾಸವಾದರೆ ದುಡ್ಡು ಕೇಳುವ ಅಳುಕು ಇನ್ನಷ್ಟು ಬೆಳೆಯುತ್ತದೆ.

ಕೆಲಸ ಕೆಡುವುದು ನಾಲ್ಕು ಕಡೆ. ಮಾಲೀಕರ ಪಾಸ್‌ವರ್ಡ್ ಕೇಳಬೇಡಿ. ಅವರ ಖಾತೆಯಿಂದಲೇ ನಿಮ್ಮನ್ನು ಮ್ಯಾನೇಜರ್ ಆಗಿ ಸೇರಿಸಿಕೊಳ್ಳಲಿ, ಒಡೆತನ ಅವರಲ್ಲೇ ಉಳಿಯಲಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಹಾಕಿ. ‘ಶಿವಮೊಗ್ಗದ ನಂಬರ್ ಒನ್ ಅಗ್ಗದ’ ಎಂದೆಲ್ಲ ತುರುಕಿದರೆ ಪ್ರೊಫೈಲ್ ಅಮಾನತಾಗಬಹುದು. ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಇನ್ನು ಅಂಗಡಿಯ ದೃಢೀಕರಣಕ್ಕೆ ಗೂಗಲ್ ವಿಡಿಯೊ ಕೇಳಿದರೆ ಕನಿಷ್ಠ 30 ಸೆಕೆಂಡು, ಎಲ್ಲೂ ಕತ್ತರಿಸದೆ, ರಸ್ತೆ ಮತ್ತು ಬೋರ್ಡಿನಿಂದ ಹಿಡಿದು ಶಟರ್ ಬೀಗ ತೆಗೆಯುವವರೆಗೆ ಒಂದೇ ಓಟದಲ್ಲಿ ಚಿತ್ರೀಕರಿಸಿ. ಎಡಿಟ್ ಮಾಡಿದ ಚಂದದ ವಿಡಿಯೊ ತಿರಸ್ಕೃತವಾಗುತ್ತದೆ.

ಹತ್ತು ಅಂಗಡಿ ಮುಗಿಯುವವರೆಗೆ ಬೇರೆ ವಿಷಯದ ವಿಡಿಯೊ ನೋಡಬೇಡಿ. ಈ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗ, ಆ ತೊಡಕಿಗೆ ಮಾತ್ರ ನೋಡಿ.

ಪ್ರಶ್ನೆ: ನಾನು ಕಸೂತಿ ಹಾಕುತ್ತೇನೆ. ಬ್ಲೌಸ್, ದುಪಟ್ಟಾ, ಸೀರೆ ಸೆರಗು ಎಲ್ಲ ಮಾಡಿಕೊಡುತ್ತೇನೆ. ಆನ್‌ಲೈನ್‌ನಲ್ಲಿ ಮಾರಬೇಕೆಂಬ ಆಸೆ. ಆದರೆ ಕ್ಯಾಮೆರಾ ಮುಂದೆ ಮಾತಾಡಲು ಬಾರದು. ಮಂದಿ ಏನಂದಾರು ಎನ್ನುವ ಅಂಜಿಕೆ ಬೇರೆ. ರೀಲ್ಸ್ ಮಾಡದಿದ್ದರೆ ಆಗುವುದೇ ಇಲ್ಲವೇ?
– ಓದುಗರು, ಧಾರವಾಡ

ಉತ್ತರ: ಆಗುತ್ತದೆ. ನಿಮ್ಮ ಮುಖ ತೋರಿಸುವ ಅಗತ್ಯವೇ ಇಲ್ಲ. ನೀವು ಕಲಿಯಬೇಕಾದ ಒಂದು ವಿದ್ಯೆ ಬಟ್ಟೆಯ ಫೋಟೊ ತೆಗೆಯುವುದು. ಅದರಲ್ಲೂ ಹಿಂಬದಿಯ ಫೋಟೊ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣುತ್ತದೆಂದು ನಿಮಗೆ ಹೇಳಬೇಕಿಲ್ಲ. ಕೊಳ್ಳುವವರಿಗೆ ಅದು ಗೊತ್ತಿಲ್ಲ. ಮಾರುಕಟ್ಟೆಯಲ್ಲಿ ಮಷಿನ್ ಕೆಲಸವನ್ನೂ ಕಸೂತಿ ಎಂದೇ ಮಾರುತ್ತಾರೆ. ಅದನ್ನು ಮಗುಚಿದರೆ ಬಾಬಿನ್ ದಾರ ಕಾಣುತ್ತದೆ, ಎಷ್ಟೋ ಸಲ ಹಿಂದೆ ಅಂಟಿಸಿದ ಹಾಳೆಯೂ ಇರುತ್ತದೆ. ತುಳಸಿ ಕಟ್ಟೆ ಚಿತ್ತಾರದ ಮುಂಭಾಗ ಒಂದು ಫೋಟೊ, ಅದೇ ಜಾಗದ ಹಿಂಭಾಗ ಇನ್ನೊಂದು. ನೀವು ಬಾಯಿಬಿಟ್ಟು ಹೇಳಬೇಕಿದ್ದನ್ನು ಈ ಜೋಡಿ ಹೇಳುತ್ತದೆ.

ತೆಗೆಯುವ ಕ್ರಮ ಹೀಗೆ. ಬೆಳಿಗ್ಗೆ 9ರಿಂದ 11ರೊಳಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಬಟ್ಟೆ ಹಾಸಿ. ಬೆಳಕು ಒಂದೇ ಬದಿಯಿಂದ ಬಂದರೆ ದಾರದ ಉಬ್ಬು ಎದ್ದು ಕಾಣುತ್ತದೆ. ಫ್ಲ್ಯಾಷ್ ಹಾಕಿದರೆ ಕಸೂತಿ ಪ್ರಿಂಟ್‌ನಂತೆ ಚಪ್ಪಟೆಯಾಗುತ್ತದೆ. ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಬೆರೆತರೆ ಬಣ್ಣ ಬದಲಾಗುತ್ತದೆ, ‘ಫೋಟೊದಲ್ಲಿ ಕೆಂಪಿತ್ತು, ಬಂದದ್ದು ಕುಂಕುಮ ಬಣ್ಣ’ ಎಂದು ಸೀರೆ ವಾಪಸು ಬರುತ್ತದೆ. ಲೆನ್ಸ್ ಒರೆಸಿ. ಫೋನನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿಯಿರಿ, ಓರೆಯಾದರೆ ಗೋಪುರದ ಚಿತ್ತಾರ ವಾಲುತ್ತದೆ. ತೀರಾ ಹತ್ತಿರ ಹೋದರೆ ಫೋನಿನ ನೆರಳು ಬೀಳುವುದರಿಂದ ಸ್ವಲ್ಪ ದೂರ ನಿಂತು ಎರಡರಷ್ಟು ಜೂಮ್ ಮಾಡಿ. ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆಯನ್ನು ಕ್ಯಾಮೆರಾ ತಾನಾಗಿ ಬೂದು ಮಾಡಿಬಿಡುತ್ತದೆ. ಪರದೆಯ ಮೇಲೆ ಹೊಲಿಗೆಯನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಒಂದು ವಸ್ತುವಿಗೆ ಐದು ಫೋಟೊ ಸಾಕು: ಇಡಿಯಾಗಿ, ಸ್ಕೇಲ್ ಇಟ್ಟು ಒಂದು ಚಿತ್ತಾರ, ಅದರ ಹಿಂಬದಿ, ಅಂಚು, ಹ್ಯಾಂಗರ್ ಮೇಲೆ ಇಳಿಬಿಟ್ಟದ್ದು. ವಾಟ್ಸಾಪ್‌ನಲ್ಲಿ ಕಳಿಸುವಾಗ ಎಚ್‌ಡಿ ಆಯ್ಕೆ ಒತ್ತುವುದನ್ನು ಮರೆಯಬೇಡಿ.

ಮಾರುವ ಜಾಗ ವಾಟ್ಸಾಪ್ ಬಿಸಿನೆಸ್ ಒಂದೇ ಸಾಕು. ಇದಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ಅಂಜಿಕೆಗೆ ಇದರಲ್ಲೊಂದು ಒಳ್ಳೆಯ ಉಪಾಯವಿದೆ. ಸ್ಟೇಟಸ್ ಪ್ರೈವಸಿಯಲ್ಲಿ ಯಾರಿಗೆ ಮಾತ್ರ ಕಾಣಬೇಕೆಂದು ಆರಿಸಬಹುದು. ಮೊದಲ ವಾರ ನಿಮ್ಮ ಕೆಲಸ ಮೆಚ್ಚುವ 10 ಜನ, ಎರಡನೇ ವಾರ 30, ಆಮೇಲೆ ಎಲ್ಲರೂ. ಆಡಿಕೊಳ್ಳುವ ನೆಂಟರನ್ನು ಕೊನೆಗೆ ಸೇರಿಸಿದರಾಯಿತು. ಅಷ್ಟರಲ್ಲಿ ಎರಡು ಆರ್ಡರ್ ಕೈಲಿದ್ದರೆ ಅವರ ಮಾತು ನಾಟುವುದಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಮತ್ತು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ‘ಕಳಿಸಿದರೂ ಯಾರೂ ನೋಡಲಿಲ್ಲ’ ಎಂದು ಕುಗ್ಗುವವರಲ್ಲಿ ಅನೇಕರ ತೊಂದರೆ ಇದೇ. ಕೊಂಡವರೆಲ್ಲರಿಗೂ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ.

ಬೆಲೆಯನ್ನು ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲೇ (ಮಾರುವ ವಸ್ತುಗಳ ಪಟ್ಟಿ) ಬರೆಯಿರಿ. ಬಚ್ಚಿಟ್ಟರೆ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಬೇಕಾಗುತ್ತದೆ, ಅಳುಕುವವರು ಅಲ್ಲೇ 500 ರೂಪಾಯಿ ಇಳಿಸಿಬಿಡುತ್ತಾರೆ. ಲೆಕ್ಕದ ಉದಾಹರಣೆ: ಬ್ಲೌಸ್‌ಗೆ 20 ಗಂಟೆ, ಗಂಟೆಗೆ 80ರಂತೆ 1,600; ಬಟ್ಟೆ 350; ದಾರ 60; ಪ್ಯಾಕಿಂಗ್, ಅಂಚೆ 90. ಒಟ್ಟು 2,100. ನಿಮ್ಮ ಕೈಕೆಲಸದ ಗಂಟೆಯನ್ನು ಸೊನ್ನೆ ಎಂದು ಹಿಡಿಯಲೇಬೇಡಿ. ‘ಹೆಚ್ಚಾಯ್ತು’ ಎಂದವರಿಗೆ ಉತ್ತರವನ್ನು ಅದರ ಕ್ವಿಕ್ ರಿಪ್ಲೈನಲ್ಲಿ (ಸಿದ್ಧ ಉತ್ತರಗಳ ಜಾಗ) ಮೊದಲೇ ಬರೆದಿಡಿ: ‘ಇದು 20 ಗಂಟೆಯ ಕೈಕೆಲಸ. ಬಜೆಟ್ ಕಡಿಮೆಯಿದ್ದರೆ ಒಂದೇ ಚಿತ್ತಾರದ ಕರವಸ್ತ್ರ ಮಾಡಿಕೊಡುತ್ತೇನೆ.’ ಆ ಗಳಿಗೆಯಲ್ಲಿ ಮಾತು ಹುಡುಕುವ ಕಷ್ಟ ತಪ್ಪುತ್ತದೆ.

ಪ್ರಶ್ನೆ: ‘ಮನೆಯಲ್ಲೇ ಕೂತು ಆನ್‌ಲೈನ್ ಮಾರ್ಕೆಟಿಂಗ್’ ಎಂದು ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ವಿಡಿಯೊಗಳಿಗೆ ಲೈಕ್ ಒತ್ತಿದ್ದಕ್ಕೆ ಮೊದಲ ದಿನ 150 ರೂಪಾಯಿ ಬಂತು. ಈಗ ಮುಂದಿನ ಟಾಸ್ಕ್‌ಗೆ 8,000 ಕಟ್ಟಬೇಕಂತೆ. ಕಟ್ಟಲೇ?
– ಓದುಗರು, ತುಮಕೂರು

ಉತ್ತರ: ಕಟ್ಟಬೇಡಿ. ಇದು ವಂಚನೆ. ಆ 150 ರೂಪಾಯಿ ಗಾಳಕ್ಕೆ ಸಿಕ್ಕಿಸಿದ ಎರೆಹುಳು. 8,000 ಕಟ್ಟಿದರೆ ಪರದೆಯ ಮೇಲೆ 12,000 ಎಂದು ತೋರಿಸುತ್ತಾರೆ, ಅದನ್ನು ಬಿಡಿಸಿಕೊಳ್ಳಲು ಇನ್ನೂ 20,000 ಕೇಳುತ್ತಾರೆ. ನಿಜವಾದ ಕೆಲಸದಲ್ಲಿ ದುಡ್ಡು ನಿಮ್ಮ ಕಡೆಗೆ ಬರಬೇಕು. ಈಗಾಗಲೇ ಏನಾದರೂ ಕಳಿಸಿದ್ದರೆ ಈ ಪತ್ರಿಕೆ ಕೆಳಗಿಟ್ಟು 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯುಪಿಐ ವ್ಯವಹಾರದ ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್ ಎರಡೂ ಬೇಕಾಗುತ್ತವೆ. ಅವನ್ನು ತೆಗೆದಿಟ್ಟುಕೊಂಡ ಮೇಲೆಯೇ ಗುಂಪಿನಿಂದ ಹೊರಬನ್ನಿ.